ಆಂಜಿಯೋಗ್ರಾಂ ದಿನ ಗೈರುಹಾಜರಾದ ಬ್ಲಾಕ್ ಮಹಾಶಯರಿಗೆ

ಇವರಿಗೆ: ಶ್ರೀ ಬ್ಲಾಕ್ ಮಹಾಶಯರು, ಹೃದಯದ ರಕ್ತನಾಳಗಳ ಒಳಮೈ, ಊರಿನ ಅನೇಕ ಗಣ್ಯರ ಎದೆ.

ಇವರಿಂದ: ಗುರುಸಿದ್ದಮ್ಮ ಕೋಂ ಮರುಳಪ್ಪ, ಕೊಬ್ಬರಿ ಎಣ್ಣೆ ಗಾಣದ ಮಾಲೀಕಳು, ಜಾವಗಲ್, ಅರಸೀಕೆರೆ ತಾಲ್ಲೂಕು.

ವಿಷಯ: ತಾವು ಇರಬೇಕಾದ ಕಡೆ ಇಲ್ಲದೇ ಹೋದದ್ದರಿಂದ ಉಂಟಾದ ನಷ್ಟದ ಬಗ್ಗೆ.

ಮಾನ್ಯರೇ,

ತಮಗೆ ಪಾದಗಳಿದ್ದರೆ ಅವಕ್ಕೆ, ಇಲ್ಲದಿದ್ದರೆ ತಾವು ಸಾಮಾನ್ಯವಾಗಿ ಬೀಡುಬಿಡುವ ಜಾಗಕ್ಕೆ, ದೂರದಿಂದಲೇ ಕೈಮುಗಿದು, ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ಇಪ್ಪತ್ತೆರಡು ವರ್ಷ ವ್ಯಾಪಾರ ಮಾಡಿದವಳಿಗೆ ಲೆಕ್ಕ ಹೇಳದೆ ಕಷ್ಟ ಹೇಳಿಕೊಂಡು ಅಭ್ಯಾಸವಿಲ್ಲ. ಮೊದಲನೆಯ ಆಸ್ಪತ್ರೆಗೆ ಅರವತ್ತೊಂದು ಸಾವಿರದ ಮುನ್ನೂರು. ಎರಡನೆಯ ಆಸ್ಪತ್ರೆಗೆ ಎಂಬತ್ನಾಲ್ಕು ಸಾವಿರದ ಏಳುನೂರ ಐವತ್ತು. ಮೈಸೂರಿನಲ್ಲಿ ಎಂಆರ್‌ಐ ಮಾಡಿಸಿದ್ದಕ್ಕೆ ಹದಿಮೂರೂವರೆ ಸಾವಿರ, ಅಲ್ಲಿಗೆ ಹೋಗಿಬಂದ ಕಾರಿಗೆ ನಾಲ್ಕು ಸಾವಿರದ ಎಂಟುನೂರು. ತಾವು ನನ್ನ ಎದೆಯಲ್ಲಿ ಇಲ್ಲವೆಂಬ ಸಂತೋಷಕ್ಕೆ ಮಠದಲ್ಲಿ ಮಾಡಿಸಿದ ದಾಸೋಹಕ್ಕೆ ಐವತ್ತೆರಡು ಸಾವಿರದ ಆರುನೂರ ನಲವತ್ತು. ತಾವು ಇಲ್ಲವೆಂದು ವೈದ್ಯರು ಬರೆದುಕೊಟ್ಟ ಕಾಗದಕ್ಕೆ ಹಳೇಬೀಡಿನ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದು ಅರವತ್ತು. ಒಟ್ಟು ಎರಡು ಲಕ್ಷದ ಹದಿನೇಳು ಸಾವಿರದ ಐವತ್ತು ರೂಪಾಯಿ. ಇದಲ್ಲದೆ ಗಾಣ ನಿಂತದ್ದು ಹತ್ತೊಂಬತ್ತು ದಿನ. ನನ್ನ ಹೃದಯದ ಗೋಡೆಯಲ್ಲಿ ಸತ್ತುಹೋದ ಮಾಂಸ ಕಿರುಬೆರಳ ಉಗುರಿನಷ್ಟು. ಇದರ ಮಾರುಕಟ್ಟೆ ದರ ತಿಳಿಯದ್ದರಿಂದ ಆ ಕಾಲಂ ಖಾಲಿ ಬಿಟ್ಟಿದ್ದೇನೆ.

ತಮ್ಮ ಮೇಲೆ ದೂರು ಕೊಡುವವರು ಸಾಮಾನ್ಯವಾಗಿ ತಾವು ಬಂದಿರಿ ಎಂದು ಕೊಡುತ್ತಾರೆ. ನನ್ನ ದೂರು ತಾವು ಬರಲಿಲ್ಲ ಎಂಬುದು.

ನಮ್ಮ ಕಡೆ ತಾವು ಎಂಥ ಮರ್ಯಾದೆ ಸಂಪಾದಿಸಿದ್ದೀರಿ ಎಂಬುದು ಬಹುಶಃ ತಮಗೇ ಗೊತ್ತಿರಲಾರದು. ನಮ್ಮ ಯಜಮಾನರ ಅಣ್ಣ, ಅಂದರೆ ನನಗೆ ಭಾವನವರಾದ ಚನ್ನಬಸವಯ್ಯನವರ ಎದೆಯಲ್ಲಿ ನಾಲ್ಕು ವರ್ಷದ ಹಿಂದೆ ತಾವು ಎರಡು ಕಡೆ ದರ್ಶನ ಕೊಟ್ಟಿರಿ: ಒಂದು ಕಡೆ ತೊಂಬತ್ತು ಪರ್ಸೆಂಟು, ಇನ್ನೊಂದು ಕಡೆ ಎಪ್ಪತ್ತು. ಎರಡು ಸ್ಟೆಂಟ್ ಬಿದ್ದವು. ಅಲ್ಲಿಯವರೆಗೆ ಮದುವೆಮನೆಗಳಲ್ಲಿ ಕೈ ತೊಳೆಯುವ ನಲ್ಲಿಯ ಪಕ್ಕದ ಕುರ್ಚಿ ಸಿಗುತ್ತಿದ್ದ ಭಾವನವರಿಗೆ ಅಂದಿನಿಂದ ಮುಂದಿನ ಸಾಲು, ಫ್ಯಾನಿನ ಕೆಳಗೆ. ತಮ್ಮ ಚಿತ್ರವಿರುವ ಆಂಜಿಯೋಗ್ರಾಂ ಸಿ.ಡಿ.ಯನ್ನು ಅವರು ಬೀಗರ ಮನೆಗಳಿಗೆ ಒಯ್ದು, ಊಟವಾದ ಮೇಲೆ ಟಿ.ವಿ.ಗೆ ಹಾಕಿಸಿ, "ಇದು ಮುಂಚೆ, ನೋಡ್ರಿ ಹೆಂಗೆ ಕಟ್ಕಂಡೈತೆ, ಇದು ಆಮ್ಯಾಕೆ, ನೋಡ್ರಿ ಹೆಂಗೆ ಹರೀತೈತೆ" ಎಂದು ಕೆರೆ ತೂಬು ತೋರಿಸುವ ಇಂಜಿನಿಯರರಂತೆ ವಿವರಿಸುತ್ತಾರೆ. ಅವರು ತೊಂಬತ್ತು ಪರ್ಸೆಂಟು ಎನ್ನುವಾಗ, ಹತ್ತನೇ ತರಗತಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಮನುಷ್ಯನ ಮುಖದಲ್ಲಿ ಎಂಥ ತೃಪ್ತಿ ಇರುತ್ತದೆ ಎಂಬುದನ್ನು ತಾವು ಒಮ್ಮೆ ಹೊರಬಂದು ನೋಡಬೇಕು.

ಇಂಥ ಮನೆತನಕ್ಕೆ ಸೇರಿದ ನನಗೆ, ಕಳೆದ ಕಾರ್ತಿಕದಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಯಿತು. ಕೊಬ್ಬರಿ ಖರೀದಿಗೆಂದು ಜಾವಗಲ್ಲಿನಿಂದ ಬೆಳಗಿನ ಜಾವವೇ ಹೊರಟು, ಲಗೇಜ್ ಆಟೋದಲ್ಲಿ ಡ್ರೈವರ್ ಪಕ್ಕ ಕುಳಿತು ದಾರಿಯುದ್ದಕ್ಕೂ ಚಳಿಗಾಳಿ ಕುಡಿದು, ಅರಸೀಕೆರೆ ಮಾರುಕಟ್ಟೆಯಲ್ಲಿ ಒಂದು ಚೀಲದಿಂದ ಕೊಬ್ಬರಿ ತೆಗೆದು ಒಡೆದು ಮೂಗಿಗೆ ಹಿಡಿದಿದ್ದೆ. ಅದು ಒಳ್ಳೆಯ ಮಾಲು ಎಂದು ಮನಸ್ಸು ಹೇಳಿತು, ಕೆಟ್ಟ ಮಾಲು ಎಂದು ಬಾಯಿ ಹೇಳಬೇಕಿತ್ತು, ದರ ಇಳಿಸುವುದಿತ್ತು. ಅಷ್ಟರಲ್ಲಿ ಆ ಚೀಲವನ್ನೇ ಯಾರೋ ನನ್ನ ಎದೆಯ ಮೇಲೆ ಇಳಿಸಿದಂತಾಯಿತು. ನೋವು ಎಡದವಡೆಗೆ ಏರಿ ತೋಳಿಗೆ ಇಳಿಯಿತು. ಆ ಚಳಿಯಲ್ಲಿ ಕುಪ್ಪಸ ಹಿಂಡುವಷ್ಟು ಬೆವರು. ಕೇಳಿದ ದರಕ್ಕೇ ಒಪ್ಪಿಕೊಂಡು ಅಲ್ಲೇ ಕುಳಿತೆ. ನಾನು ಚೌಕಾಸಿ ಮಾಡದೆ ಒಪ್ಪಿದ್ದು ನೋಡಿಯೇ ವ್ಯಾಪಾರಿಗೆ ಗಾಬರಿಯಾಗಿ ಅಲ್ಲಿಯ ಸರ್ಕಾರಿ ಆಸ್ಪತ್ರೆಗೆ ಸಾಗಿಸಿದನಂತೆ.

ಅಲ್ಲಿ ಇಸಿಜಿ ತೆಗೆದು, ಇಂಜೆಕ್ಷನ್ ಕೊಟ್ಟು, ನೂರಾ ಎಂಟು ಆಂಬುಲೆನ್ಸಿನಲ್ಲಿ ಹಾಸನದ ಒಂದು ಖಾಸಗಿ ಆಸ್ಪತ್ರೆಗೆ ಕಳಿಸಿದರು. ಹಾಸನದಲ್ಲಿ ರಕ್ತ ಪರೀಕ್ಷೆ ಮಾಡಿದರು. ಟ್ರೋಪೋನಿನ್ ಎಂಬುದೊಂದಿದೆಯಂತೆ, ಹೃದಯದ ಮಾಂಸಕ್ಕೆ ಪೆಟ್ಟು ಬಿದ್ದರೆ ಅದು ಸೋರಿ ರಕ್ತಕ್ಕೆ ಬರುತ್ತದಂತೆ. ನನ್ನದು ಇರಬೇಕಾದ್ದಕ್ಕಿಂತ ನೂರು ಪಟ್ಟು ಇತ್ತು. ಸರಿ, ಹಾರ್ಟ್ ಅಟ್ಯಾಕೇ ಎಂದು ತೀರ್ಮಾನವಾಯಿತು, ನಾಳೆ ಬೆಳಿಗ್ಗೆ ಆಂಜಿಯೋಗ್ರಾಂ ಎಂದರು. ಆ ಒಂದು ಸಂಜೆ ನನಗೆ ಸಿಕ್ಕ ಗೌರವವನ್ನು ಈ ಜನ್ಮದಲ್ಲಿ ಮರೆಯಲಾರೆ. ಭಾವನವರು ಬಂದು ಮಂಚದ ಪಕ್ಕ ಕುಳಿತು, "ಹೆದರ್ಕೋಬ್ಯಾಡ ಕಣಮ್ಮ, ನಾನಿಲ್ವಾ? ಎರಡು ಹಾಕಿಸ್ಕಂಡು ಗುಂಡುಕಲ್ಲಿನಂಗೆ ಓಡಾಡ್ತಿಲ್ವಾ?" ಎಂದು ತಮ್ಮ ಪಂಗಡಕ್ಕೆ ಹೊಸದಾಗಿ ಸೇರುವವಳನ್ನು ಸ್ವಾಗತಿಸುವ ಧಾಟಿಯಲ್ಲಿ ಹೇಳಿದರು. ಅವರ ಹೆಂಡತಿ, ನನ್ನ ವಾರಗಿತ್ತಿ ಶಿವಗಂಗಮ್ಮಕ್ಕ, ಮೂವತ್ತು ವರ್ಷದಲ್ಲಿ ಮೊದಲ ಸಲ ನನಗೆ ಸೇಬು ಹೆಚ್ಚಿಕೊಟ್ಟರು, ಸಿಪ್ಪೆ ತೆಗೆದು.

ಮರುದಿನ ಮಣಿಕಟ್ಟಿನಿಂದ ತಂತಿ ತೂರಿಸಿ ಹೃದಯದ ನಾಳಗಳನ್ನೆಲ್ಲ ಬಣ್ಣ ಬಿಟ್ಟು ನೋಡಿದರು. ತಾವು ಇರಲಿಲ್ಲ. ತೊಂಬತ್ತು ಬೇಡ, ಎಪ್ಪತ್ತು ಬೇಡ, ಒಂದು ಮೂವತ್ತಾದರೂ ಇರಬಹುದಿತ್ತು; ಅದೂ ಇರಲಿಲ್ಲ. "ಒಂದೂ ಬ್ಲಾಕ್ ಇಲ್ಲ ಅಮ್ಮ, ಎಲ್ಲಾ ಕ್ಲೀನ್ ಇದೆ. ಟೆನ್ಷನ್ ಕಡಿಮೆ ಮಾಡ್ಕೊಳ್ಳಿ," ಎಂದು ವೈದ್ಯರು ಕೈಗವಸು ಬಿಚ್ಚುತ್ತಾ ಹೇಳಿ ಪಕ್ಕದ ಟೇಬಲ್ಲಿಗೆ ಹೋದರು. ಅಲ್ಲಿ ಮಲಗಿದ್ದವರಿಗೆ ಮೂರು ಇದ್ದವು.

ಹೊರಗೆ ಭಾವನವರು ಕಾಯುತ್ತಿದ್ದರು. "ಎಷ್ಟು ಬಂತಮ್ಮ?" ಎಂದರು. "ಸೊನ್ನೆ ಭಾವ," ಎಂದೆ. ಅವರು ನಪಾಸಾದ ಹುಡುಗಿಯ ತಲೆ ಸವರುವಂತೆ, "ಹೋಗ್ಲಿ ಬಿಡು, ಅದೂ ಒಂದು ಪುಣ್ಯವೇ," ಎಂದರು. ಶಿವಗಂಗಮ್ಮಕ್ಕನ ಮಾತು ನನಗೆ ಕೇಳಿಸಬಾರದೆಂದು ಕಾರಿಡಾರಿನಲ್ಲಿ ಆಡಿದ್ದು, ಕಾರಿಡಾರು ಸಣ್ಣದು: "ಬ್ಲಾಕೂ ಇಲ್ಲ ಗೀಕೂ ಇಲ್ಲ ಕಣ್ರೀ. ನಾಲ್ಕು ತೇಗು ಬಂದಿದ್ರೆ ಹೋಗ್ತಿತ್ತು. ಇದಕ್ಕೆ ನೂರಾ ಎಂಟು ಬೇರೆ, ಊರೆಲ್ಲಾ ಎಬ್ಬಿಸಿದ್ದು ಬೇರೆ!" ಮೇಜಿನ ಮೇಲೆ ಉಳಿದಿದ್ದ ಸೇಬಿನ ಚೀಲ ಸಂಜೆ ಅವರ ಜೊತೆಯೇ ವಾಪಸ್ ಹೋಯಿತು.

ಮಾನ್ಯರೇ, ಸುಳ್ಳು ಹೇಳಬಾರದು, ನಾನೂ ನಂಬಿದೆ. ಡಿಸ್ಚಾರ್ಜ್ ಕಾಗದದ ಮೇಲಿನ ಸಾಲಿನಲ್ಲಿ ಹಾರ್ಟ್ ಅಟ್ಯಾಕ್ ಎಂದಿತ್ತು, ನಡುವೆ ಆ ನೂರು ಪಟ್ಟಿನ ಟ್ರೋಪೋನಿನ್ ಇತ್ತು, ಕೆಳಗಿನ ಸಾಲಿನಲ್ಲಿ ರಕ್ತನಾಳಗಳು ನಾರ್ಮಲ್ ಎಂದಿತ್ತು. ಮೇಲಿನ ಮೊತ್ತಕ್ಕೂ ಕೆಳಗಿನ ಮೊತ್ತಕ್ಕೂ ಹೀಗೆ ತಾಳೆಯಾಗದ ಒಂದು ಹಾಳೆಯನ್ನು ನಮ್ಮ ಗಾಣದ ಗುಮಾಸ್ತ ತಂದಿದ್ದರೆ ಅವನ ಮುಖಕ್ಕೆ ಎಸೆದು, ನಡುವೆ ಏನು ನುಂಗಿದ್ದೀಯ ಹೇಳು ಎನ್ನುತ್ತಿದ್ದೆ. ಆಸ್ಪತ್ರೆಯವರು ತಂದಾಗ ಮಡಿಚಿ ಪರ್ಸಿನಲ್ಲಿಟ್ಟುಕೊಂಡೆ. ನೂರು ರೂಪಾಯಿ ಎಣ್ಣೆ ಲೆಕ್ಕದಲ್ಲಿ ತೋರಿಸುವ ಬುದ್ಧಿಯನ್ನು ನನ್ನ ಎದೆಯ ಲೆಕ್ಕದಲ್ಲಿ ತೋರಿಸಲಿಲ್ಲ. ಈ ಒಂದು ಕಲಮಿನಲ್ಲಿ ತಪ್ಪು ತಮ್ಮದಲ್ಲ.

ಒಂದು ತಿಂಗಳಿಗೆ ಬರೆದುಕೊಟ್ಟ ಮಾತ್ರೆಗಳಿದ್ದವು, ತಿಂಗಳಾದ ಮೇಲೆ ಮತ್ತೆ ಬಂದು ತೋರಿಸಿ ಎಂಬ ಮಾತೂ ಇತ್ತು. ನಾಲ್ಕನೆಯ ದಿನ ನಮ್ಮ ಯಜಮಾನರು, "ನಾರ್ಮಲ್ ಐತಲ್ಲ ಮಾರಾಯ್ತಿ, ಇನ್ಯಾಕೆ ಇದು ದಂಡ? ಅಣ್ಣಂಗಾದ್ರೆ ಬ್ಲಾಕ್ ಐತೆ, ಉಪಯೋಗ ಆಯ್ತದೆ," ಎಂದು ಉಳಿದ ಮಾತ್ರೆಗಳನ್ನೆಲ್ಲ ಭಾವನವರಿಗೆ ಕೊಟ್ಟು ಬಂದರು. ಮಾಲು ಹಾಳಾಗಬಾರದೆಂಬ ನಿಯಮ ನಾನೇ ಅವರಿಗೆ ಕಲಿಸಿದ್ದು, ಆದ್ದರಿಂದ ಸುಮ್ಮನಿದ್ದೆ. ರಕ್ತ ತೆಳು ಮಾಡುವ ಮಾತ್ರೆಯನ್ನು ಭಾವನವರು ತಮ್ಮದೊಂದು ನನ್ನದೊಂದು ಜೋಡಿಯಾಗಿ ನುಂಗಿ, ಒಂದು ಸೋಮವಾರ ಕ್ಷೌರ ಮಾಡಿಕೊಳ್ಳುವಾಗ ಗಲ್ಲಕ್ಕೆ ಬ್ಲೇಡು ತಾಗಿಸಿಕೊಂಡು, ಮಧ್ಯಾಹ್ನ ಎರಡು ಗಂಟೆಯವರೆಗೂ ಅರಿಶಿನ ಒತ್ತಿಕೊಂಡು ಕುಳಿತಿದ್ದರಂತೆ.

ಇನ್ನು ಹರಕೆಯ ವಿಷಯ. ಒಳಗೆ ನನಗೆ ತಂತಿ ಹಾಕುತ್ತಿದ್ದಾಗ ಹೊರಗೆ ಯಜಮಾನರು, ಒಂದೂ ಬ್ಲಾಕ್ ಸಿಗದಿದ್ದರೆ ಬರುವ ಅಮಾವಾಸ್ಯೆಗೆ ಮಠದಲ್ಲಿ ದಾಸೋಹ ಮಾಡಿಸುತ್ತೇನೆ ಎಂದು ಹರಕೆ ಹೊತ್ತುಕೊಂಡಿದ್ದರು. ತಮ್ಮ ಗೈರುಹಾಜರಿಯನ್ನು ಆಚರಿಸಲು ಐನೂರು ಜನಕ್ಕೆ ಊಟ ಹಾಕಿದ ಮನೆ ಇಡೀ ತಾಲ್ಲೂಕಿನಲ್ಲಿ ನಮ್ಮದೊಂದೇ ಇರಬೇಕು. ನಮ್ಮ ಮನೆತನದ ಪದ್ಧತಿಯೇನೆಂದರೆ, ಯಾರ ಸಲುವಾಗಿ ಹರಕೆ ಹೊತ್ತಿದೆಯೋ ಅವರೇ ಸೂರ್ಯ ಹುಟ್ಟುವ ಮುಂಚೆ ಮಠದ ಕಲ್ಯಾಣಿಯಲ್ಲಿ ತಣ್ಣೀರು ಸ್ನಾನ ಮಾಡಿ, ವಿಭೂತಿ ಧರಿಸಿ, ಉಪವಾಸವಿದ್ದು, ಮೊದಲ ಪಂಕ್ತಿಗೆ ಕೈಯಾರೆ ಬಡಿಸಬೇಕು. ಹದಿನೆಂಟು ದಿನದ ಹಿಂದೆ ಹೃದಯಕ್ಕೆ ಪೆಟ್ಟು ತಿಂದವಳನ್ನು ಚಳಿಗಾಲದ ಬೆಳಗಿನ ಜಾವ ಕಲ್ಯಾಣಿಗೆ ಇಳಿಸುವುದು ಸರಿಯೇ ಎಂದು ಯಾರೂ ಕೇಳಲಿಲ್ಲ. ಏಕೆ ಕೇಳಬೇಕು? ತಾವು ಇರಲಿಲ್ಲವಲ್ಲ.

ಏಳು ಮೆಟ್ಟಿಲು ಇಳಿದು ಮೂರು ಸಲ ಮುಳುಗಿದೆ. ಮೂರನೆಯ ಸಲ ಏಳುವಾಗಲೇ ಎದೆಯಲ್ಲಿ ಏನೋ ಬಿಗಿಯಿತು, ಚಳಿ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅದು ಬಿಟ್ಟುಕೊಂಡಿತು. ಎಂಟೂವರೆಗೆ ಮೊದಲ ಪಂಕ್ತಿ ಕುಳಿತಿತು, ಪಾಯಸದ ಬಕೆಟ್ ಹಿಡಿದೆ. ಒಂಬತ್ತನೆಯ ಎಲೆಯ ಮುಂದೆ ಕುಳಿತಿದ್ದ ಹಿರಿಯರು, "ದ್ರಾಕ್ಷಿ ಇರೋ ಕಡೆಯಿಂದ ಹಾಕ್ರವ್ವ," ಎಂದರು, ಬಗ್ಗಿದೆ, ಮತ್ತೆ ಏಳಲಾಗಲಿಲ್ಲ. ಅದೇ ಚೀಲ, ಅದೇ ದವಡೆ, ಅದೇ ತೋಳು.

ಮುಂದಿನ ಮೂವತ್ತೈದು ನಿಮಿಷಗಳನ್ನು ನಾನು ಊಟದ ಮನೆಯ ಗೋಡೆ ಗಡಿಯಾರದಲ್ಲಿ ನೋಡಿದ್ದೇನೆ, ಆದ್ದರಿಂದ ಅಂದಾಜಲ್ಲ. ಒಬ್ಬರು ಸೋಡಾ ತಂದರು. ಒಬ್ಬರು ಜೀರಿಗೆ ಕಷಾಯ ತಂದರು. ಒಬ್ಬರು ಓಮಿನ ಕಾಳು ಬಾಯಿಗೆ ಹಾಕಿ ಅಗಿ ಎಂದರು. ಶಿವಗಂಗಮ್ಮಕ್ಕ ಬೆನ್ನು ಗುದ್ದುತ್ತಾ, "ಖಾಲಿ ಹೊಟ್ಟೆ ಕಣೇ, ಗ್ಯಾಸು, ತೇಗು, ತೇಗಿಬಿಡು," ಎಂದು ಹುರಿದುಂಬಿಸಿದರು. ಆಸ್ಪತ್ರೆ ಎಂದು ಯಾರೋ ಬಾಯಿಬಿಟ್ಟರು. ಆಗ ನಮ್ಮ ಯಜಮಾನರು, ದೇವರಂಥ ಮನುಷ್ಯ, ಅಂಗಿಯ ಜೇಬಿನಿಂದ ಲ್ಯಾಮಿನೇಷನ್ ಮಾಡಿಸಿದ ಆ ಕಾಗದ ತೆಗೆದು, ಗಾಬರಿಯಾದ ಭಕ್ತರಿಗೆಲ್ಲ ಒಬ್ಬೊಬ್ಬರಿಗೂ ತೋರಿಸುತ್ತಾ, "ಏನೂ ಭಯ ಇಲ್ರೀ, ಹಾರ್ಟ್ ನಾರ್ಮಲ್ ಅಂತ ಬರೆದವ್ರೆ, ಇಲ್ಲೇ ಐತೆ ನೋಡ್ರಿ, ಸೀಲೂ ಐತೆ," ಎಂದು ಪಂಕ್ತಿಯುದ್ದಕ್ಕೂ ನಡೆದರು. ಕಾಗದ ಓದಿದವರೆಲ್ಲ ನೆಮ್ಮದಿಯಾಗಿ ಪಾಯಸಕ್ಕೆ ಮರಳಿದರು. ನಾನು ಗೋಡೆಗೆ ಒರಗಿ, ಸಾಯುವವಳು ನಾನೋ ಕಾಗದವೋ ಎಂದು ನೋಡುತ್ತಿದ್ದೆ.

ನಮ್ಮ ಗಾಣದಲ್ಲಿ ಹದಿಮೂರು ವರ್ಷದಿಂದ ಕೊಬ್ಬರಿ ಆರಿಸುವ ಸುವರ್ಣಮ್ಮ ಅವತ್ತು ಎಲೆ ತೆಗೆಯಲು ಬಂದಿದ್ದಳು. ಅವಳಿಗೆ ಓದಲು ಬರುವುದಿಲ್ಲ, ಆದ್ದರಿಂದ ಕಾಗದ ನೋಡುವ ಅಗತ್ಯ ಬೀಳದೆ ನನ್ನ ಮುಖ ನೋಡಿದಳು. ಹಣೆ ಮುಟ್ಟಿದಳು. ಯಜಮಾನರ ಕಡೆ ತಿರುಗಿ, "ಯಜಮಾನ್ರೆ, ಗ್ಯಾಸಾದ್ರೆ ಈ ಚಳೀಲಿ ಹಿಂಗೆ ಬೆವರ್ತಾರೇನ್ರೀ? ಆ ಪ್ಲಾಸ್ಟಿಕ್ಕು ಒಳಗಿಡ್ರಿ, ಯಾರ್ದಾರಾ ಕಾರು ಕೇಳ್ರಿ. ಅಮ್ಮಾರು ಹೋದ್ಮ್ಯಾಲೆ ಅದನ್ನ ಕಟ್ಟು ಹಾಕಿಸ್ಕಳೀರಂತೆ," ಎಂದಳು. ಹದಿಮೂರು ವರ್ಷದಲ್ಲಿ ಯಜಮಾನರ ಎದುರು ಅವಳು ತಲೆ ಎತ್ತಿ ಮಾತಾಡಿದ್ದು ಅದೇ ಮೊದಲು. ಅವರ ಕೈಯಿಂದ ಕಾಗದ ಕೆಳಗೆ ಬಿತ್ತು. ಬೇಲೂರಿನಿಂದ ಬಂದಿದ್ದ ಭಕ್ತರೊಬ್ಬರ ಕಾರಿನಲ್ಲಿ ಸುವರ್ಣಮ್ಮ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಳೇಬೀಡು ದಾಟುವವರೆಗೂ ಮುಂದೆ ಕುಳಿತ ಯಜಮಾನರನ್ನು ಬೈಯುತ್ತಲೇ ಇದ್ದಳು. ಅವರು ಹೂಂ ಹೂಂ ಎನ್ನುತ್ತಾ ಅಳುತ್ತಿದ್ದರು.

ಈ ಸಲ ಹಾಸನದಲ್ಲಿ ಬೇರೆ ಆಸ್ಪತ್ರೆ. ಅಲ್ಲಿ ಮೇಧಿನಿ ಎಂಬ ಸಣ್ಣ ವಯಸ್ಸಿನ ಡಾಕ್ಟರಮ್ಮ, ಬೇಲೂರಿನ ಮೇಷ್ಟರೊಬ್ಬರ ಮಗಳು. ನೋವು ಇರುವಾಗಲೇ ಇಸಿಜಿ ತೆಗೆದು, ಅದರಲ್ಲಿ ಎದ್ದು ನಿಂತ ಗೆರೆಗಳನ್ನು ನೋಡಿ, ನೇರ ಆಂಜಿಯೋಗ್ರಾಂ ಟೇಬಲ್ಲಿಗೆ ಕರೆದೊಯ್ದರು. ಯಜಮಾನರು ಅಲ್ಲೂ, ಮಠದಲ್ಲಿ ಬಿದ್ದ ಕಾಗದವನ್ನು ಆರಿಸಿ ತಂದಿದ್ದರೋ ಏನೋ, ಮೆಲ್ಲಗೆ ಮುಂದೆ ಚಾಚಿ, "ನಾರ್ಮಲ್ ಅಂತ..." ಎಂದು ಶುರು ಮಾಡಿದರು. ಡಾಕ್ಟರಮ್ಮ ಅದನ್ನು ಒಂದೇ ಸಲ ಓದಿ, ಟ್ರೋಪೋನಿನ್ ಇದ್ದ ಸಾಲಿನ ಮೇಲೆ ಉಗುರಿಟ್ಟು, "ಯಜಮಾನರೇ, ಇಷ್ಟು ಏರಿದೆ ಅಂದಮೇಲೆ ಬ್ಲಾಕ್ ಸಿಗಲಿಲ್ಲ ಅಂದ್ರೆ ಹುಡುಕೋ ಕೆಲಸ ಮುಗೀಲಿಲ್ಲ, ಆಗ ಶುರುವಾಗಬೇಕಿತ್ತು. ಇದು ನಾರ್ಮಲ್ ಅಲ್ಲ, ಅರ್ಧಕ್ಕೆ ನಿಂತ ತನಿಖೆ," ಎಂದು ಹೇಳಿ ಒಳಗೆ ಬಂದರು.

ಅಲ್ಲಿ, ಮಾನ್ಯರೇ, ತಮ್ಮಂತೆಯೇ ಕಾಣುವ ಒಬ್ಬರ ದರ್ಶನವಾಯಿತು. ನನಗೆ ಎಚ್ಚರವಿತ್ತು, ಪರದೆ ನನ್ನ ಕಡೆಯೇ ತಿರುಗಿತ್ತು. ಕವಲೊಡೆದ ನಾಳಗಳಲ್ಲಿ ಒಂದು, ಎಳನೀರಿನ ಸ್ಟ್ರಾ ಬಾಯಲ್ಲಿ ಕಚ್ಚಿದರೆ ಹೇಗೆ ಚಪ್ಪಟೆಯಾಗುತ್ತದೆಯೋ ಹಾಗೆ ಒಂದು ಕಡೆ ಹಿಂಡಿಕೊಂಡಿತ್ತು. ತೊಂಬತ್ತಕ್ಕೂ ಮೇಲಿರಬೇಕು, ಭಾವನವರು ಜೊತೆಗಿರಬೇಕಿತ್ತು ಎನಿಸಿತು. ಡಾಕ್ಟರಮ್ಮ ತಂತಿಯ ಮೂಲಕವೇ ಏನೋ ಔಷಧಿ ಬಿಟ್ಟರು. ಒಂದು ನಿಮಿಷವೂ ಆಗಿರಲಾರದು, ಹಿಂಡಿದ್ದು ಬಿಟ್ಟುಕೊಂಡು ನಾಳ ತನ್ನ ಪಾಡಿಗೆ ತಾನು ಅಗಲವಾಯಿತು, ನೋವು ಬಾಗಿಲು ತೆರೆದು ಹೋದವರಂತೆ ಹೋಯಿತು. "ನೋಡಿದ್ರಾ ಅಮ್ಮ? ನಾಳ ತಾನೇ ಸೆಟೆದುಕೊಳ್ಳುತ್ತೆ, ಆಮೇಲೆ ತಾನೇ ಬಿಡುತ್ತೆ. ಹೋದ ಸಲ ನಿಮಗೆ ಆಂಜಿಯೋಗ್ರಾಂ ಆಗೋ ಹೊತ್ತಿಗೆ ಬಿಟ್ಟುಬಿಟ್ಟಿತ್ತು, ಅಷ್ಟೆ," ಎಂದರು. ಅಂದರೆ ತಾವಲ್ಲ, ತಮ್ಮ ಕುರ್ಚಿಯಲ್ಲಿ ಬೇರೆ ಯಾರೋ ಕುಳಿತು, ತಮ್ಮ ಕೆಲಸ ಮುಗಿಸಿ, ರುಜು ಹಾಕದೆ ಎದ್ದು ಹೋಗಿದ್ದರು.

ಚಳಿ, ತಣ್ಣೀರು, ಸಿಟ್ಟು, ಬೆಳಗಿನ ಜಾವ, ಇವೆಲ್ಲ ಆ ಸೆಟೆತಕ್ಕೆ ಕಾರಣವಾಗಬಹುದಂತೆ. ತಂಬಾಕೂ ಅಂತೆ. ಬೀಡಿ ಸಿಗರೇಟು ಇಲ್ಲ ಎಂದು ನಾನು ಧೈರ್ಯವಾಗಿ ಹೇಳಿದೆ. ಎಲೆ ಅಡಿಕೆ ಜೊತೆ ಏನು ಹಾಕ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ಬೇಲೂರಿನವರಿಗೆ ಕಡ್ಡಿಪುಡಿ ಗೊತ್ತಿರಬಾರದಿತ್ತು.

ಆಮೇಲೆ ಅವರು ನನ್ನನ್ನು ಮೈಸೂರಿಗೆ ಕಳಿಸಿ ಹೃದಯದ ಎಂಆರ್‌ಐ ಮಾಡಿಸಿದರು. ಆಂಜಿಯೋಗ್ರಾಂ ನಾಳವನ್ನಷ್ಟೇ ತೋರಿಸುತ್ತದಂತೆ, ಎಂಆರ್‌ಐ ಮಾಂಸವನ್ನೇ ತೋರಿಸುತ್ತದಂತೆ. ಅದರಲ್ಲಿ ಕಂಡ ಬಿಳಿಯ ಕಲೆ ಕಾರ್ತಿಕದ್ದು: ಅರಸೀಕೆರೆಯಲ್ಲಿ ನನಗೆ ಆದದ್ದು ನಿಜವಾದ ಹಾರ್ಟ್ ಅಟ್ಯಾಕೇ ಎಂಬುದಕ್ಕೆ ಅದೇ ಸಾಕ್ಷಿ. ಎದೆಯೊಳಗೆ ಕಲೆ ಬಿದ್ದಿದೆ ಎಂದು ತಿಳಿದು ಸಂತೋಷಪಟ್ಟ ರೋಗಿಯನ್ನು ಆ ಯಂತ್ರದವರು ಮೊದಲು ಕಂಡಿರಲಿಲ್ಲವಂತೆ.

ತಮಗೆ ಇಷ್ಟೊಂದು ಜನ ಬದಲಿ ನೌಕರರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರಮ್ಮ ಹೇಳುತ್ತಾ ಹೋದಂತೆ ಬಾಯಿ ತೆರೆದು ಕೇಳಿದೆ. ನಾಳದ ಗೋಡೆಯಲ್ಲಿ ಸಾಸಿವೆಯಷ್ಟು ಗಂಟು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಅಟ್ಯಾಕ್ ಮಾಡಿ, ಕ್ಯಾಮೆರಾ ಬರುವಷ್ಟರಲ್ಲಿ ಕರಗಿ ಹೋಗುವವರೊಬ್ಬರು; ಅವರನ್ನು ಹಿಡಿಯಲು ನಾಳದೊಳಗೇ ದೀಪ ಹಿಡಿದು ನೋಡುವ ಪರೀಕ್ಷೆ ಬೇರೆ ಇದೆಯಂತೆ. ನಾಳದ ಒಳಪದರವೇ ಸೀಳಿಬಿಡುವುದೊಂದು, ಇದು ಹೆಚ್ಚಾಗಿ ಇನ್ನೂ ವಯಸ್ಸಿರುವ ಹೆಂಗಸರಿಗೆ. ದೇಹದಲ್ಲಿ ಇನ್ನೆಲ್ಲೋ ಹುಟ್ಟಿದ ಹೆಪ್ಪು ತೇಲಿ ಬರುವುದೊಂದು. ಆಂಜಿಯೋಗ್ರಾಂ ಕಣ್ಣಿಗೇ ಬೀಳದ ಕೂದಲೆಳೆಯಂಥ ನಾಳಗಳು ಕೈಕೊಡುವುದೊಂದು. ಇನ್ನು ವೈರಸ್ ಜ್ವರ ಬಂದು ಹೃದಯವೇ ಊದಿಕೊಂಡರೆ, ಅಥವಾ ತಡೆಯಲಾರದ ದುಃಖಕ್ಕೆ ಹೃದಯ ಮಡಕೆಯ ಹಾಗೆ ಉಬ್ಬಿದರೆ, ಅವರು ಅಟ್ಯಾಕಿನ ವೇಷ ಹಾಕಿ ಬರುವವರಂತೆ. ಒಬ್ಬೊಬ್ಬರಿಗೂ ಔಷಧಿ ಬೇರೆ. ಒಬ್ಬರಿಗೆ ಕೊಡುವುದು ಇನ್ನೊಬ್ಬರಿಗೆ ಕೆಡುಕಾಗಬಹುದು. ಹಾರ್ಟ್ ಅಟ್ಯಾಕ್ ಆಗಿ ಬಂದ ನೂರು ಜನರಲ್ಲಿ ಐದಾರು ಮಂದಿಯ ಹತ್ತಿರ ತಾವು ಇರುವುದೇ ಇಲ್ಲವಂತೆ, ಅವರಲ್ಲಿ ಹೆಂಗಸರ ಪಾಲು ಜಾಸ್ತಿಯಂತೆ. ಆ ಐದಾರು ಮಂದಿ ಮನೆಗೆ ಹೋಗಿ ಸೋಡಾ ಕುಡಿಯುತ್ತಿರುತ್ತಾರೆ ಎಂದುಕೊಳ್ಳುತ್ತೇನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬಿನ್ನಹ ಇಷ್ಟು. ಇನ್ನು ಮುಂದೆ ಯಾವುದೇ ಹೆಂಗಸಿಗೆ ಹಾರ್ಟ್ ಅಟ್ಯಾಕ್ ಆಗುವ ಸಂದರ್ಭ ಬಂದರೆ, ತಾವು ದಯಮಾಡಿ ಮುಂಚಿತವಾಗಿ ಹೋಗಿ, ಕನಿಷ್ಠ ಐವತ್ತು ಪರ್ಸೆಂಟು ಕುಳಿತು, ಆಂಜಿಯೋಗ್ರಾಂ ಮುಗಿದು ಮನೆಯವರೆಲ್ಲ ಕಣ್ಣಾರೆ ನೋಡುವವರೆಗೂ ಅಲ್ಲಾಡದೆ ಇರಬೇಕು. ಬೇರೆ ಕಡೆ ಕಾರ್ಯಭಾರವಿದ್ದು ಬರಲಾಗದಿದ್ದರೆ, "ನಾನು ಇಲ್ಲದಿದ್ದರೂ ಈಕೆಗೆ ಆಗಿರುವುದು ಹಾರ್ಟ್ ಅಟ್ಯಾಕೇ, ಇವಳ ನೋವನ್ನು ನಂಬತಕ್ಕದ್ದು, ಉಳಿದ ಪರೀಕ್ಷೆಗಳನ್ನು ಮಾಡತಕ್ಕದ್ದು" ಎಂದು ಗೈರುಹಾಜರಿ ಪತ್ರವನ್ನು ನಾಳದ ಒಳಗೋಡೆಗೆ ಅಂಟಿಸಿ ಹೋಗಬೇಕು, ಸಾಧ್ಯವಾದರೆ ಕನ್ನಡದಲ್ಲಿ. ವಾರಗಿತ್ತಿಯರಿಗೆ ಒಂದು ಪ್ರತಿ ಬೇರೆ. ಇವೆರಡೂ ತಮ್ಮ ಅಧಿಕಾರ ವ್ಯಾಪ್ತಿಗೆ ಬಾರದಿದ್ದಲ್ಲಿ, ತಾವು ಇಲ್ಲವೆಂದು ಕಂಡ ಕೂಡಲೇ ಕೈಗವಸು ಬಿಚ್ಚುವ ಕೈಗಳಲ್ಲಿ ಐದು ನಿಮಿಷದ ಮಟ್ಟಿಗೆ ಸೆಟೆತ ಉಂಟುಮಾಡಿ, ಅವು ಅಲ್ಲೇ ನಿಂತು ಇನ್ನೊಮ್ಮೆ ಯೋಚಿಸುವಂತೆ ಮಾಡಬೇಕು.

ಮನೆಗೆ ಬಂದ ಮೇಲೆ ಭಾವನವರು ನೋಡಲು ಬಂದಿದ್ದರು. ಎಂಆರ್‌ಐ ಕಲೆಯ ಚಿತ್ರವನ್ನು ಬಹಳ ಹೊತ್ತು ಕಿಟಕಿಯ ಬೆಳಕಿಗೆ ಹಿಡಿದು, "ಸ್ಟೆಂಟ್ ಹಾಕ್ಲೇ ಇಲ್ವಾ?" ಎಂದರು. ಇಲ್ಲ, ಮಾತ್ರೆ ಮತ್ತು ನಾಲಿಗೆ ಕೆಳಗೆ ಹೊಡೆದುಕೊಳ್ಳುವ ಸ್ಪ್ರೇ, ತಪ್ಪಿಸುವ ಹಾಗಿಲ್ಲ ಎಂದೆ. "ಹಂಗಾದ್ರೆ ನಮ್ದೇ ದೊಡ್ದು ಬಿಡು," ಎಂದು ನೆಮ್ಮದಿಯಾಗಿ ಕಾಫಿ ಕುಡಿದರು. ಶಿವಗಂಗಮ್ಮಕ್ಕ ನೇರ ಅಡಿಗೆಮನೆಗೆ ಹೋಗಿ ಪಾತ್ರೆ ತೊಳೆಯಲು ಶುರು ಮಾಡಿದರು. ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆಯುತ್ತಿದ್ದರು. ನಾನು ಒಳಗೆ ಹೋಗಿ ಬೇಡ ಬಿಡಿ ಅಕ್ಕ ಎಂದೆ. "ಸುಮ್ನಿರೇ, ಆವತ್ತು ನಿನ್ನ ಬೆನ್ನಿಗೆ ಗುದ್ದಿದ ಕೈ ಇದು," ಎಂದರು, ನನ್ನ ಕಡೆ ತಿರುಗಲಿಲ್ಲ.

ಈ ಅರ್ಜಿಯನ್ನು ಬಹಿರಂಗವಾಗಿ ಬರೆಯುವುದಕ್ಕೆ ಕಾರಣ, ತಮ್ಮ ವಿಳಾಸಕ್ಕೆ ಅಂಚೆ ಹೋಗುವುದಿಲ್ಲ ಎಂಬುದಷ್ಟೇ ಅಲ್ಲ. ತಾವು ಇಲ್ಲವೆಂದು ತಿಳಿದು ಮನೆಗೆ ಕಳಿಸಲ್ಪಟ್ಟ ಯಾವಳೋ ಒಬ್ಬಳು ಇದನ್ನು ಓದಿದರೆ, ಡಿಸ್ಚಾರ್ಜ್ ಕಾಗದ ಇನ್ನೊಮ್ಮೆ ತೆಗೆದು ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ತಾಳೆ ನೋಡಲಿ, ತಾಳೆಯಾಗದಿದ್ದರೆ ಎದ್ದು ಹೋಗಿ ಕೇಳಲಿ ಎಂದು. ತಾವು ಬಿಡುವು ಮಾಡಿಕೊಂಡು ಉತ್ತರಿಸುವಿರೆಂದು ನಿರೀಕ್ಷೆಯಿಲ್ಲ. ಹಾಗೆಂದು ಸಮಾಧಾನ ಹೇಳಲು ಖುದ್ದಾಗಿ ಬರುವ ತೊಂದರೆಯನ್ನೂ ತೆಗೆದುಕೊಳ್ಳಬೇಡಿ.

ತಮ್ಮ ದರ್ಶನದ ಭಾಗ್ಯ ಒಮ್ಮೆಯೂ ಸಿಗದೆ, ಆದರೂ ಎರಡು ಸಲ ಸಾಯುವಷ್ಟರಮಟ್ಟಿಗೆ ತಮ್ಮ ವಿಶ್ವಾಸಿಯಾಗಿದ್ದ,

ಗುರುಸಿದ್ದಮ್ಮ
(ರುಜು ನನ್ನದೇ, ಬೇರೆಯವರು ಹಾಕಿದ್ದಲ್ಲ)

ತಾ.ಕ.: ಈ ವ್ಯವಹಾರದಲ್ಲಿ ಯಾರಿಗೆ ಏನು ಸಿಕ್ಕಿತೆಂಬ ಪಟ್ಟಿ ತಮ್ಮ ಕಡತಕ್ಕೆ ಇರಲಿ. ಮೊದಲ ಆಸ್ಪತ್ರೆಗೆ ಒಂದು ಬಿಲ್ಲು. ಎರಡನೆಯ ಆಸ್ಪತ್ರೆಗೆ ಒಂದು ಬಿಲ್ಲು, ಒಂದು ಡಬ್ಬ ಎಣ್ಣೆ. ಮಠದಲ್ಲಿ ಕುಳಿತವರಿಗೆ ದ್ರಾಕ್ಷಿ ಹಾಕಿದ ಪಾಯಸ. ಭಾವನವರಿಗೆ ಹಳೆಯ ಕುರ್ಚಿ, ಪೈಪೋಟಿಯಿಲ್ಲದೆ. ಸುವರ್ಣಮ್ಮನಿಗೆ ಏನೂ ಇಲ್ಲ. ಅಂದಿನ ಊಟವೂ ಇಲ್ಲ. ಕೂಲಿ ಹೆಚ್ಚಿಸುತ್ತೇನೆಂದರೆ "ಅದಕ್ಕೂ ಇದಕ್ಕೂ ಏನ್ರಮ್ಮ" ಎಂದಳು, ಆದರೂ ಹೆಚ್ಚಿಸಿದ್ದೇನೆ. ತಮಗೆ, ಮಾಡದ ಕೆಲಸಕ್ಕೆ ಇಷ್ಟುದ್ದ ಪತ್ರ. ನನಗೆ, ನನ್ನ ಕಾಯಿಲೆಗೊಂದು ಹೆಸರು, ನಾಳದ ಸೆಟೆತ. ನಮ್ಮ ಯಜಮಾನರಿಗೆ ಹೆಂಡತಿ ಒಬ್ಬಳು, ಹಳೆಯವಳೇ.